ಫಾಂಟಿನ ಕುಲಗೋತ್ರ

ಫಾಂಟಿಗೂ ಕುಲಗೋತ್ರ ಕೇಳುವ ಮನುಷ್ಯರನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಅಂಥವರೊಬ್ಬರ ತಲೆಯ ಮೇಲಿನ ಮಹಡಿಯಲ್ಲೇ ಆರು ವರ್ಷ ಸಂಸಾರ ಮಾಡಿದ್ದೇನೆ! ಪುಣೆಯ ನಮ್ಮ ಕೆಳಮನೆಯ ಕಾಕಾ, ನಿವೃತ್ತಿಯ ಮೇಲೆ ಕನ್ನಡ ಸಂಘದ ಪತ್ರಿಕೆ ಹೊರಡಿಸುತ್ತಿದ್ದರು.

ಆಗ ಕನ್ನಡದ ಇ-ಮೇಲ್ ಕಳಿಸಿದರೆ ಜೊತೆಗೆ ಅದರ ಫಾಂಟನ್ನೂ, ಅಂದರೆ ಅಕ್ಷರಗಳ ಅಚ್ಚನ್ನೂ, ಕಳಿಸಬೇಕಿತ್ತು. ಇಲ್ಲದಿದ್ದರೆ ಪರದೆ ತುಂಬ ಬರೀ ಕಾಗೆ ಕಾಲು, ಗುಬ್ಬಿ ಕಾಲು! ಬಂದ ಫಾಂಟನ್ನೆಲ್ಲ ಕಾಕಾ ಕಣ್ಣು ಮುಚ್ಚಿ ಹಾಕಿಕೊಳ್ಳುತ್ತಿದ್ದರು.

ನಾನೇ ಬಾಯಿ ಬಿಟ್ಟು ಕೆಟ್ಟೆ. ಆಪರೇಟಿಂಗ್ ಸಿಸ್ಟಮ್ ಫಾಂಟನ್ನು ಓದುವ ರೀತಿಯಲ್ಲಿ ದೋಷವೊಂದು ಸಿಕ್ಕಿದೆ, ಯಾರೋ ಕೇಡಿಗ ಕಳಿಸಿದ ಫಾಂಟು ತೆರೆದರೆ ಸಾಕು, ಅವನು ಎಲ್ಲೋ ಕೂತು ನಿಮ್ಮ ಕಂಪ್ಯೂಟರನ್ನು ಆಳಬಹುದು, ಮೊದಲು ಇಂಟರ್ನೆಟ್ಟಿನಿಂದ ಆ ದೋಷ ಮುಚ್ಚುವ ಪ್ಯಾಚ್ ಇಳಿಸಿಕೊಳ್ಳಿ ಎಂದೆ.

“ಅಂದ್ರ ಅಕ್ಷರದ ಹೊಟ್ಟ್ಯಾಗ ಕಳ್ಳ ಕೂತಿರತಾನೇನು?”

“ಹೌದ್ರಿ.”

“ಬರ್ಲಿ, ನಾನೂ ನೋಡೇ ಬಿಡ್ತೇನಿ!”

ಮರುದಿನದಿಂದ ಫಾಂಟು ಕಳಿಸಿದವರಿಗೆಲ್ಲ ಫೋನು. “ಯಾವೂರ್ರಿ ನಿಮ್ದು? ಮನೆದೇವ್ರು?” ಬಾರಾಮತಿಯ ಕವಿಯೊಬ್ಬರು ಕೆರಳಿ, “ನಾ ಕವಿತಾ ಕಳ್ಸೇನ್ರಿ, ಕನ್ಯಾ ಕೇಳಿಲ್ಲ!” ಎಂದರಂತೆ. ಅವರ ಫಾಂಟು ತಕ್ಷಣ ಪಾಸಾಯಿತು. ಕಳ್ಳನಿಗೆ ಸಿಟ್ಟು ಬರುವುದಿಲ್ಲ ಎಂಬುದು ಕಾಕಾರ ಸಿದ್ಧಾಂತ.

ಆ ವಾರವೇ ಶಿರೂರಿನಲ್ಲಿದ್ದ ಕಾಕಾರ ತಮ್ಮನಿಂದ ಇ-ಮೇಲ್ ಪತ್ರ ಬಂತು. ಅಣ್ಣತಮ್ಮಂದಿರ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ಪರದೆ ತುಂಬ ಕಾಗೆ ಕಾಲು, ಜೊತೆಗೊಂದು ಫಾಂಟು.

“ಅವರ ಮನೆದೇವ್ರು ನಿಮಗ ಗೊತ್ತಿಲ್ಲೇನ್ರಿ? ತಗೀರಿ!” ಎಂದರು ಅವರ ಹೆಂಡತಿ, ನಮ್ಮ ಕಾಕು.

“ಪ್ಯಾಚ್ ಹಾಕೇ ತಗಿಯೋದು. ನಿಯಮ ಅಂದ್ರ ನಿಯಮ.”

ಇಂಟರ್ನೆಟ್ಟು ಬರಬೇಕಾದದ್ದೂ ಟೆಲಿಫೋನ್ ತಂತಿಯಲ್ಲೇ. ಪ್ಯಾಚ್ ಅರ್ಧ ಇಳಿಯುವಷ್ಟರಲ್ಲಿ ಕಾಕು ತಂಗಿಗೆ ಫೋನು ಮಾಡಲು ರಿಸೀವರ್ ಎತ್ತಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಶುರು! ಕೊನೆಗೆ ಕಾಕಾ ಫೋನಿಗೆ ಕೌದಿ ಹೊದಿಸಿ, ಸ್ಟೂಲು ಹಾಕಿಕೊಂಡು ಕಾವಲು ಕೂತರು. ಊಟವೂ ಅಲ್ಲೇ.

ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಪ್ಯಾಚ್ ಮೊನ್ನೆಯೇ ಕೂತಿದೆ. ಪತ್ರ ಮಾತ್ರ ಇನ್ನೂ ಕಾಗೆ ಕಾಲಾಗಿಯೇ ಇದೆ.

“ಇನ್ಯಾವ ಕಳ್ಳನ ಭಯಾರಿ, ಕಾಕಾ?”

ಅವರು ಕೌದಿಯ ಅಂಚು ಎಳೆದು ಸರಿಮಾಡಿದರು. “ಅವಂಗ ನಾ ಭಾಳ ಕೆಟ್ಟ ಮಾತಾಡೇನಿ. ಅವನೂ ಹಂಗ ಬರೆದಿದ್ರ?”

ನಾನೇ ಮೌಸಿಗೆ ಕೈ ಹಾಕಿದೆ. ಅವರು ನನ್ನ ಕೈ ಸರಿಸಿ, ಹಲ್ಲು ಕಚ್ಚಿ ತಾವೇ ಫಾಂಟಿನ ಮೇಲೆ ಒತ್ತಿದರು. ಪರದೆಯ ಮೇಲೆ ಕನ್ನಡ ಮೂಡಿತು. ಮೊದಲ ಸಾಲಿನಲ್ಲಿ “ಅಣ್ಣಾ” ಎಂದಿತ್ತು.

ಕಾಕಾ ಕನ್ನಡಕ ತೆಗೆದಿಟ್ಟರು. “ಉಳಿದದ್ದು ಅವನ ಬಾಯಿಂದನ ಕೇಳ್ತೇನಿ” ಎಂದು ಫೋನೆತ್ತಿದರು. ಹನ್ನೊಂದು ವರ್ಷದಿಂದ ಒಮ್ಮೆಯೂ ಒತ್ತದ ಆ ನಂಬರು ಅವರಿಗೆ ಬಾಯಿಪಾಠವಿತ್ತು.