ಒಂದನೇ ನಂಬರಿನ ಗಂಡು

ಬದಲಾಗಬಾರದ್ದು ಬದಲಾಗುವುದು, ಬದಲಾಗಬೇಕಾದ್ದು ಕದಲದೇ ಕೂರುವುದು ನನ್ನ ಕಸುಬಿನಲ್ಲಿ ವಾರಕ್ಕೊಂದು ಸಲ ನಡೆಯುವಂಥದ್ದೇ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಮೈಸೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಜಾವಾಸ್ಕ್ರಿಪ್ಟ್ ಕಲಿಸುತ್ತಿದ್ದೆ. ಬಿಡುವಿನಲ್ಲಿ ಒಂದು ವಧೂವರರ ಕೇಂದ್ರಕ್ಕೆ ವೆಬ್‌ಸೈಟು ಮಾಡಿಕೊಟ್ಟೆ. ಕೇಂದ್ರದ ಮೇಡಂ ಸಂಬಳದ ಮಾತೆತ್ತಲಿಲ್ಲ. "ಚೆನ್ನಾಗಿ ಮಾಡ್ಕೊಡ್ರೀ, ನಿಮಗೂ ಒಂದು ಹೆಣ್ಣು ನೋಡ್ತೀನಿ" ಎಂದರು. ನನಗೆ ಆಗಲೇ ಮೂವತ್ತೊಂದು. ಕೂಡಲೇ ಒಪ್ಪಿದೆ, ಒಂದನೇ ನಂಬರಿನಲ್ಲಿ ನನ್ನ ವಿವರವನ್ನೇ ಹಾಕಿದೆ.

೧. ಯಾವುದು ಸ್ಥಿರ

"ಮೇಡಂ, ಬದಲಾಗುವುದಕ್ಕೆ ವೇರಿಯೆಬಲ್, ಬದಲಾಗದ್ದಕ್ಕೆ ಕಾನ್‌ಸ್ಟಂಟ್. ಎತ್ತರ ಕಾನ್‌ಸ್ಟಂಟ್, ವಯಸ್ಸು ವೇರಿಯೆಬಲ್" ಎಂದೆ.

"ಯಾರ್ರೀ ಹೇಳಿದ್ದು? ಹೆಣ್ಣಿನ ಕಡೆಯೋರು ಐದೂ ಎಂಟು ಬೇಕು ಅಂದ್ರೆ ಎತ್ತರ ಐದೂ ಎಂಟೇ. ವಯಸ್ಸು ಮಾತ್ರ ಅಲ್ಲಾಡಕೂಡದು."

ಹಾಗೇ ಬರೆದೆ.

೨. ಅಣ್ಣ ತಮ್ಮ

ಹೆಬ್ಬಾಳದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸದಲ್ಲಿದ್ದ ಹಿನಕಲ್‌ನ ಹುಡುಗನೊಬ್ಬ ಇಪ್ಪತ್ತೊಂಬತ್ತಕ್ಕೆ ಪಟ್ಟಿ ಸೇರಿದ್ದ. ಮೂರು ವರ್ಷವಾದರೂ ಇಪ್ಪತ್ತೊಂಬತ್ತರಲ್ಲೇ ಇದ್ದ. ಒಂದು ದಿನ ಅವನ ತಂದೆ ಬಂದರು. ಬೈಯುತ್ತಾರೆಂದು ನಾನು ಬಾಗಿಲ ಕಡೆ ಸರಿದೆ. ಅವರು ಬಂದದ್ದು ಎರಡನೇ ಮಗನ ಹೆಸರು ಬರೆಸಲು.

"ಇವನಿಗೆಷ್ಟು?" ಎಂದರು ಮೇಡಂ.

"ಮೂವತ್ತು ತುಂಬ್ತು ಕಣಮ್ಮ."

ಮೇಡಂ ಪರದೆಯ ಮೇಲಿದ್ದ ಅಣ್ಣನ ವಯಸ್ಸು ನೋಡಿದರು. "ತಮ್ಮ ಅಣ್ಣನಿಗಿಂತ ದೊಡ್ಡೋನಾಗ್ಬುಟ್ಟ. ಇಪ್ಪತ್ತೇಳು ಹಾಕ್ರೀ."

ತಂದೆ ತಲೆಯಾಡಿಸಿದರು. "ಹಾಕಿ ಸಾರ್. ಅವನು ನೋಡೋಕೂ ಅಷ್ಟೇ ಕಾಣ್ತಾನೆ."

೩. ಬೀಗ

ನನ್ನ ವಿವರವಾದರೂ ಸತ್ಯವಾಗಿರಲಿ ಎಂದು ನನಗೆ ಹಟ. ಹೊಸ ಬ್ರೌಸರೊಂದು 'ಕಾನ್‌ಸ್ಟ್' ಎಂಬ ಪದ ಒಪ್ಪುತ್ತದೆಂದು ತಿಳಿದು, ನನ್ನ ವಿವರದ ಮುಂದೆ ಅದನ್ನು ಬರೆದೆ. "ಮೇಡಂ, ಬೀಗ ಹಾಕಿದ್ದೀನಿ. ಇನ್ನು ನನ್ನ ಎತ್ತರ ಬ್ರಹ್ಮ ಬಂದರೂ ಬದಲಾಗಲ್ಲ."

ಮಾರನೆಯ ದಿನ ನನ್ನ ಎತ್ತರ ಎರಡಿಂಚು ಏರಿತ್ತು. ಆಮೇಲೆ ಓದಿ ನೋಡಿದರೆ, ಆ ಬೀಗ ಇರುವುದು ಹೆಸರಿಗೆ ಮಾತ್ರವಂತೆ, ಒಳಗಿನ ವಿವರಕ್ಕಲ್ಲ. ಮನೆ ನಂಬರು ಭದ್ರ, ಒಳಗಿನ ಪಾತ್ರೆಪಡಗ ಯಾರು ಬೇಕಾದರೂ ಸಾಗಿಸಬಹುದು.

"ಬೀಗ ತೆಗೆದೇ ಇತ್ತಲ್ರೀ" ಎಂದರು ಮೇಡಂ.

೪. ಡಾಕ್ಟರು

ಆಮೇಲೆ ಮಂಡಕಳ್ಳಿ ಕಡೆಯ ಡಾಕ್ಟರೊಬ್ಬರು ಪಟ್ಟಿ ಸೇರಿದರು. ಎಲ್ಲ ಮೊದಲಿಂದ ಬರೆಯುವ ಸೋಮಾರಿತನಕ್ಕೆ, ನನ್ನ ವಿವರವನ್ನೇ ಅವರ ಹೆಸರಿಗೆ ಕೊಟ್ಟು ತಿದ್ದಿದೆ: ಆರಡಿ, ಡಾಕ್ಟರು, ಸ್ವಂತ ಮನೆ.

ಆ ವಾರವೇ ಮೇಡಂ ಫೋನ್ ಮಾಡಿದರು. "ಒಂದನೇ ನಂಬರನ್ನ ಒಪ್ಪಿದ್ದಾರೆ, ಭಾನುವಾರ ಹೋಗಿ." ಮೂರು ವರ್ಷದಲ್ಲಿ ಮೊದಲ ಸಲ! ಪಟ್ಟಿಯಲ್ಲಿ ನಂಬರು ಮಾತ್ರ ಇರುತ್ತಿತ್ತು, ಹೆಸರಿಲ್ಲ. ಅಮ್ಮನನ್ನು ಕರೆದುಕೊಂಡು ಇಸ್ತ್ರಿ ಅಂಗಿಯಲ್ಲಿ ಹೋದೆ.

ಹೆಣ್ಣಿನ ತಂದೆ ಗೇಟಿನಲ್ಲಿ ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು. "ಡಾಕ್ಟ್ರು ಬರ್ತಾ ಇದ್ದಾರಾ?"

ಒಳಗೆ ಅಜ್ಜಿ ಆಗಲೇ ಕಾಲು ಚಾಚಿದ್ದರು. "ಮಂಡಿ ನೋವು ಕಣಪ್ಪ."

"ಇವನಿಗೆ ಮಂಡಿ ಗಿಂಡಿ ಗೊತ್ತಿಲ್ಲಮ್ಮ, ಜಾವಾಸ್ಕ್ರಿಪ್ಟ್ ಗೊತ್ತು" ಎಂದರು ನಮ್ಮಮ್ಮ.

"ಅದನ್ನೇ ಬರ್ಕೊಡಪ್ಪ. ದಿನಕ್ಕೆ ಎಷ್ಟು ಸಲ?"

ನಾನು ಡಾಕ್ಟರಲ್ಲ, ಪಟ್ಟಿಗೆ ಡಾಕ್ಟರೊಬ್ಬರ ವಿವರ ತುಂಬುವಾಗ ನನ್ನದೂ ಬದಲಾಗಿದೆ ಎಂದು ಹೇಳಿದೆ. ತಂದೆಯ ಮುಖ ಗಂಟಿಕ್ಕಿತು. ಬಂದ ಒಂದೇ ಸಂಬಂಧವೂ ಹೋಯಿತು ಎಂದುಕೊಂಡೆ.

ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿ ಎಂಸಿಎ ಓದಿದವಳು. "ಕಾಪಿ ಮಾಡಿದ್ರಾ, ಬರೀ ಈಕ್ವಲ್ ಟು ಹಾಕಿದ್ರಾ?"

"ಈಕ್ವಲ್ ಟು."

"ಅಷ್ಟೇ ಮತ್ತೆ. ಹೆಸರು ಎರಡು, ಗಂಡು ಒಂದೇ. ಒಂದು ಕಡೆ ತಿದ್ದಿದ್ರೆ ಎರಡೂ ಕಡೆ ಬದಲಾಗುತ್ತೆ." ತಂದೆಯ ಕಡೆ ತಿರುಗಿ, "ಅಪ್ಪ, ಇವರು ಸುಳ್ಳು ಹೇಳಿಲ್ಲ. ಕೆಲಸ ಸರಿಯಾಗಿ ಬರಲ್ಲ ಅಷ್ಟೆ" ಎಂದಳು.

ನನ್ನ ಪರವಾಗಿ ಯಾರೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಹೊರಡುವಾಗ ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದಳು: "ನಿಮ್ಮದನ್ನ ಸರಿ ಮಾಡ್ಕೊಳ್ಳಿ. ಆ ಪಟ್ಟೀಲಿ ನನ್ನ ವಯಸ್ಸು ಮೂರು ವರ್ಷದಿಂದ ಇಪ್ಪತ್ನಾಲ್ಕು. ಅದನ್ನ ಮಾತ್ರ ಮುಟ್ಬೇಡಿ."

ನಮ್ಮ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಆ ಇಪ್ಪತ್ನಾಲ್ಕನ್ನು ನಾನಿನ್ನೂ ಮುಟ್ಟಿಲ್ಲ.