ಹಾಲೇಶನ ನಾಲ್ಕು ಡಿಸ್ಕುಗಳು

ಒಂದು ಬಟ್ಟಲು ಗೋಧಿ ಹುಗ್ಗಿಯ ಆಸೆಗೆ ಕುಷ್ಟಗಿಯ ಫೋಟೋಗ್ರಾಫರ್ ಹಾಲೇಶ ಮದುವೆಯ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ವಿಡಿಯೋವನ್ನೇ ತಪ್ಪಿಸಿಕೊಂಡಿದ್ದ. ಅದೂ ತಾವರಗೇರಾದ ಸಾವ್ಕಾರ ದೊಡ್ಡಬಸಪ್ಪನವರ ಮಗಳ ಮದುವೆ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ ಎಂದು ಯಾರೋ ಅಂದದ್ದನ್ನು ನಂಬಿ ಊಟಕ್ಕೆ ಕುಳಿತ. ಕೈ ತೊಳೆದು ಬರುವಷ್ಟರಲ್ಲಿ ತಾಳಿ ಕಟ್ಟಿ, ಅಕ್ಕಿಕಾಳು ಬಿದ್ದು, ಮದುಮಕ್ಕಳು ಹಿರಿಯರ ಕಾಲಿಗೆರಗುತ್ತಿದ್ದರು.

ಇಂದು ಸಂಜೆ ಸಾವ್ಕಾರರು ವಿಡಿಯೋ ನೋಡಲು ಬರುವವರಿದ್ದರು. ಹುಗ್ಗಿಯ ಸುದ್ದಿ ಹೊರಬಿದ್ದರೆ ಹನುಮಸಾಗರದವರೆಗೂ ಜನ ನಗುತ್ತಾರೆ, ಇನ್ನು ಯಾರೂ ಮದುವೆಗೆ ಕರೆಯುವುದಿಲ್ಲ. ಅದರ ಬದಲು ವಿಡಿಯೋ ಇಟ್ಟ ಡಿಸ್ಕೇ ಕೆಟ್ಟು ಎಲ್ಲವೂ ಅಳಿಸಿಹೋಯಿತೆಂದರೆ, ಪಾಪ, ಅವನೇನು ಮಾಡಿಯಾನು ಎನ್ನುತ್ತಾರೆ. ಕ್ಯಾಮೆರಾದ ಕಾರ್ಡುಗಳಲ್ಲಿ ಆಗಲೇ ಬೇರೆ ಮದುವೆ ತುಂಬಿತ್ತು. ಇಂಥ ಉಪಾಯ ಹೊಳೆದದ್ದಕ್ಕೆ ಹಾಲೇಶನಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಸ್ಟುಡಿಯೋದಲ್ಲಿದ್ದದ್ದು ನಾಲ್ಕು ಡಿಸ್ಕುಗಳ ಪೆಟ್ಟಿಗೆ. ವಿಡಿಯೋ ಚೂರುಚೂರಾಗಿ ನಾಲ್ಕಕ್ಕೂ ಹಂಚಿರುತ್ತದೆ, ಒಂದು ಹೋದರೆ ಎಲ್ಲವೂ ಹೋದಂತೆ ಎಂದು ಅವನು ತಿಳಿದಿದ್ದ. ಒಂದನ್ನು ಎಳೆದ. ಪೆಟ್ಟಿಗೆ ಕೀಂ ಕೀಂ ಎಂದು ಕೂಗಿತು, ವಿಡಿಯೋ ಮಾತ್ರ ಆರಾಮಾಗಿ ಓಡಿತು. ಇನ್ನೊಂದನ್ನೂ ಎಳೆದ. ಪರದೆಯ ಮೇಲೆ ಬೀಗರು ಮೊದಲಿನಂತೆಯೇ ನಗುತ್ತಿದ್ದರು.

ಪಕ್ಕದ ಝೆರಾಕ್ಸ್ ಅಂಗಡಿಯ ಶಬೀನಾ ಕೂಗು ಕೇಳಿ ಓಡಿಬಂದಳು. ಬಂದವಳು ಸುಮ್ಮನಿರದೆ, ಪೆಟ್ಟಿಗೆ ಜೋಡಿಸಿಕೊಟ್ಟಿದ್ದ ಅಬ್ದುಲರೌಫನಿಗೆ ಫೋನ್ ಹಚ್ಚಿದಳು. ಅವನು ಐದು ನಿಮಿಷದಲ್ಲಿ ಹಾಜರ್.

"ಗಾಬರಿ ಆಗಬ್ಯಾಡ್ರಿ ಹಾಲೇಶಣ್ಣ. ಜೋಡಸೋ ಮುಂದ ನೀವು ಹೇಳಿದಂಗ ಬರೇ ಹಂಚಿ ಇಟ್ಟಿದ್ರ ಇವತ್ತ ಎಲ್ಲಾ ಹೋಗ್ತಿತ್ತು. ನಾ ಜೋಡಿ ಮಾಡೀನಿ. ಒಂದರಾಗಿದ್ದದ್ದು ಅದರ ಜೋಡಿಯೊಳಗೂ ಐತಿ."

"ಮತ್ತೊಂದು ನಮೂನಿ ಐತಿ ಅಂತಿದ್ದೆಲ್ಲ?" ಎಂದ ಹಾಲೇಶ, ಸತ್ತ ದನಿಯಲ್ಲಿ.

"ಐತ್ರಿ. ಅದರಾಗ ಒಂದು ಹೋದ್ರ ಉಳದ ಮೂರರಿಂದ ಲೆಕ್ಕ ಹಾಕಿ ಹೊಳ್ಳಿ ತಗೀತೈತಿ. ಜಾಗಾ ಭಾಳ ಉಳೀತೈತಿ, ಖರೆ. ಆದ್ರ ಎರಡು ಹೋದ್ರ ಮುಗೀತು. ನಿಮ್ಮವು ಎರಡು ಸಡ್ಲಾದ್ರೂ ಬೇರೆಬೇರೆ ಜೋಡಿದವು, ಅದಕ್ಕ ಉಳಕೊಂಡಾವ."

"ಒಂದ ಜೋಡಿದ ಎರಡೂ ಹೋದ್ರ?"

"ಅರ್ಧ ಚೂರು ಹೋದ್ರ ಉಳದದ್ದೂ ಓಡಂಗಿಲ್ಲ, ಆಗ ಯಾರ ಕೈಲೂ ಆಗಂಗಿಲ್ರಿ." ರೌಫ ಡಿಸ್ಕುಗಳನ್ನು ಮರಳಿ ಕೂಡಿಸಿ, ಮೇಲಿನವೆರಡು ಒಂದು ಜೋಡಿ, ಕೆಳಗಿನವೆರಡು ಇನ್ನೊಂದು ಎಂದು ಕೈಮಾಡಿಯೂ ತೋರಿಸಿದ. ಇಂಥ ಒಳ್ಳೆಯವರು ಊರಿಗೊಬ್ಬರಿದ್ದರೆ ಕಳ್ಳರಿಗೆ ಎಷ್ಟು ಅನುಕೂಲ ನೋಡಿ.

ಶಬೀನಾ ಕುರ್ಚಿ ತಂದು ಪೆಟ್ಟಿಗೆಯ ಪಕ್ಕದಲ್ಲೇ ಕೂತಳು. "ನೀವು ಕೆಲಸಾ ಮಾಡ್ಕೋರಿ ಅಣ್ಣಾ, ಪೆಟ್ಟಿಗಿ ಮತ್ತ ಕೂಗಿದ್ರ ನಾ ಅದೀನಿ." ಮಧ್ಯಾಹ್ನ ಹೋಯಿತು, ನಾಲ್ಕಾಯಿತು, ಅವಳು ಏಳಲಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮ ಆಧಾರ್ ಕಾರ್ಡಿನ ನಕಲು ಕೇಳಿಕೊಂಡು ಬಂದ. ಅವಳು ಆಚೆ ಹೋದದ್ದೇ ತಡ, ಹಾಲೇಶ ಪೆಟ್ಟಿಗೆಯ ಸ್ವಿಚ್ ಆರಿಸಿ ಮೇಲಿನ ಎರಡನ್ನೂ ಕಿತ್ತ. ಸುತ್ತಿಗೆಯಿಂದ ಜಜ್ಜಿ, ಸಾಲದೆಂದು ನೀರಿನ ಬಕೆಟ್ಟಿಗೂ ಹಾಕಿದ.

ಅಷ್ಟರಲ್ಲಿ ದೊಡ್ಡಬಸಪ್ಪ, ಹೆಂಡತಿ ಪಂಪಮ್ಮನೊಡನೆ ಒಳಗೆ ಬಂದರು. ಹಾಲೇಶ ಅಳುಮೋರೆ ಮಾಡಿಕೊಂಡು ಬಾಯಿ ತೆರೆಯುವ ಮೊದಲೇ ಸಾವ್ಕಾರರು ಒಂದು ಪೆನ್‌ಡ್ರೈವ್ ಮುಂದೆ ಹಿಡಿದರು.

"ತಮ್ಮಾ, ಅಕ್ಕಿಕಾಳಿನ ಹೊತ್ತಿಗೆ ನೀ ಊಟಕ್ಕ ಕುಂತಿದ್ದು ನಾ ನೋಡಿದ್ದೆ. ಉಣ್ಣೋರನ್ನ ಎಬ್ಬಸಬಾರದಂತ ಸುಮ್ನಾದೆ. ಅಳಿಯಾನ ಗೆಳೆಯಾ ಅಷ್ಟೂ ಮೊಬೈಲಿನ್ಯಾಗ ತಗದಾನ. ಇದನ್ನ ನಡುವ ಸೇರಿಸಿಬಿಡು. ಉಳದದ್ದೆಲ್ಲಾ ನಿನ್ನ ಹತ್ರನ ಐತೆಲ್ಲ?"

"ಅರಿಷಿಣದ ದಿನ ನಮ್ಮವ್ವ ಕುಣದದ್ದು ಮೊದಲ ಹಚ್ಚಪ್ಪ," ಎಂದು ಪಂಪಮ್ಮ ಕುರ್ಚಿ ಎಳೆದುಕೊಂಡರು.

ಬಾಗಿಲಲ್ಲಿ ರೌಫ ಇಣುಕಿದ. "ಚಿಂತಿ ಬ್ಯಾಡ್ರಿ ಅಮ್ಮಾರ, ಒಂದೂ ಹೋಗಿಲ್ಲ. ಮುಂಜಾನೆ ನಾನ ನೋಡೀನಿ."

ಹಾಲೇಶ ಕಾಲಿನಿಂದ ಬಕೆಟ್ಟನ್ನು ಮೆಲ್ಲಗೆ ಟೇಬಲ್ಲಿನ ಕೆಳಗೆ ತಳ್ಳಿದ.