ಬೇಲಿಯ ಒಳಗೆ ನಾವು, ಹೊರಗೆ ಭಜ್ಜಿ

ಮನುಷ್ಯನಿಗೆ ಸ್ವಂತ ಮನೆ ಇಲ್ಲದಿದ್ದರೂ ನಡೆಯುತ್ತದೆ, ಸ್ವಂತ ಅಭಿಪ್ರಾಯ ಇಲ್ಲದಿದ್ದರಂತೂ ಇನ್ನೂ ಸಲೀಸಾಗಿ ನಡೆಯುತ್ತದೆ. ಆದರೆ ಎಳ್ಳಮಾವಾಸ್ಯೆಯ ದಿನ ಕಲಬುರಗಿಯಲ್ಲಿ ಹೊಲ ಇಲ್ಲದವನಾಗಿ ಮಾತ್ರ ಇರಬಾರದು. ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆಯ ತುತ್ತು ಎರಚಿ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಂಡು, ಬಿಸಿಲು ಇಳಿದ ಮೇಲೆ ತೇಗುತ್ತಾ ಮನೆಗೆ ಬರುತ್ತದೆ. ಎಂಟು ದಿನ ಮೊದಲಿನಿಂದಲೇ ದಾರಿಯಲ್ಲಿ ಸಿಕ್ಕವರೆಲ್ಲ ‘ಈ ಸಲ ಯಾರ ಹೊಲಕ್ಕ ಹೊಂಟೀರಿ?’ ಎಂದು ಕೇಳುತ್ತಾರೆ. ಇದು ಮೇಲ್ನೋಟಕ್ಕೆ ಕುಶಲಪ್ರಶ್ನೆ. ಒಳಗೆ ಇರುವುದು ನಿಮಗೆ ನೆಂಟರಿಷ್ಟರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಗೆ ನಿಮ್ಮ ಮುಖ ಬೇಕು ಎಂಬ ವಿಚಾರಣೆ.

ಆಗ ನಿಜಾಮ ಸರ್ಕಾರದ ಕಾಲ. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಕೆಲಸದಲ್ಲಿದ್ದೆ. ನನ್ನ ಪಾಲಿಗೆ ಬಂದ ಭೂಮಿ ಎಂದರೆ ಬಾಡಿಗೆ ಮನೆಯ ಅಂಗಳದಲ್ಲಿದ್ದ ತುಳಸಿಕಟ್ಟೆ, ಅದೂ ಮನೆಯ ಯಜಮಾನನದು. ಹೆಂಡತಿ ಗೌರಮ್ಮನ ತವರು ಕಮಲಾಪುರ. ಅಲ್ಲಿ ಅವಳ ತಮ್ಮ ಶರಣಪ್ಪನಿಗೆ ಹೊಲವಿತ್ತು. ಆದರೆ ಎತ್ತಿನ ಗಾಡಿಯಲ್ಲಿ ಕಮಲಾಪುರ ಮುಟ್ಟುವಷ್ಟರಲ್ಲಿ ಹಬ್ಬ ಮುಗಿದು ಹೋಗುತ್ತದೆ ಎಂಬ ನೆಪ ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಹೀಗಿರುವಾಗ ಕಮಲಾಪುರದ ಮೇಲೆ ಹಾದು ಹುಮನಾಬಾದ ಕಡೆಗೆ ಮೋಟಾರು ಶುರುವಾಯಿತು. ಅದು ಕೈ ಮಾಡಿದಲ್ಲೆಲ್ಲ ನಿಲ್ಲುತ್ತಿತ್ತು. ಕೈ ಮಾಡದ ಅನೇಕ ಕಡೆಯೂ ನಿಲ್ಲುತ್ತಿತ್ತು. ಆದರೂ ಮೋಟಾರು ಮೋಟಾರೇ. ನನ್ನ ನೆಪ ಅದರ ಗಾಲಿಗೆ ಸಿಕ್ಕು ಸತ್ತುಹೋಯಿತು. ಆ ವರ್ಷದ ಅಮಾವಾಸ್ಯೆ ಬೇರೆ ಜುಮ್ಮಾದ ದಿನ, ಅಂದರೆ ಶುಕ್ರವಾರವೇ ಬಂದು, ಕಚೇರಿಗೂ ರಜೆ.

ಅಷ್ಟಕ್ಕೆ ಸುಮ್ಮನಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಬಹಳ ವರ್ಷ ಹೊಲವಿಲ್ಲದೆ ತಲೆ ತಗ್ಗಿಸಿದವನಿಗೆ ಒಮ್ಮೆಲೇ ಹೊಲ ಸಿಕ್ಕರೆ ನಾಲಗೆ ಉದ್ದವಾಗುತ್ತದೆ. ‘ಕಮಲಾಪುರಕ್ಕ ಹೊಂಟೀವ್ರಿ, ನಮ್ಮ ಹೊಲಕ್ಕ. ನೀವೂ ಬರ್ರಿ’ ಎಂದು ಸಿಕ್ಕವರಿಗೆಲ್ಲ ಹೇಳಿದೆ. ಕರೆಯುವುದು ನಮ್ಮ ಕಡೆಯ ಮರ್ಯಾದೆ, ‘ಈ ಸಲ ಬ್ಯಾಡ್ರಿ’ ಅನ್ನುವುದು ಎದುರಿನವರ ಮರ್ಯಾದೆ. ಆದರೆ ಆ ವರ್ಷ ಯಾರೂ ತಮ್ಮ ಮರ್ಯಾದೆ ಪಾಲಿಸಲಿಲ್ಲ. ಕಚೇರಿಯ ಹಿರಿಯ ಗುಮಾಸ್ತ ಮೆಹಬೂಬ ಸಾಹೇಬರು ಮಡದಿ ಬೇಗಮ್ಮನವರನ್ನೂ ಹಲ್ವದ ಡಬ್ಬಿಯನ್ನೂ ಕರೆದುಕೊಂಡು ಬಂದರು. ಪಕ್ಕದ ಮನೆಯ ದರ್ಜಿ ನಾಮದೇವ ಸಂಸಾರ ಸಮೇತ ಬಂದ. ಓಣಿಯ ಉಳಿದವರು ಮೋಟಾರಿನ ಒಳಗೆ, ಮೇಲೆ, ಪಕ್ಕದಲ್ಲಿ ಎಲ್ಲಿ ಕೈಗೆ ಹಿಡಿಕೆ ಸಿಕ್ಕಿತೋ ಅಲ್ಲಿ ಬಂದರು. ನಾನು ಹೊಸ ಶೇರವಾನಿ ತೊಟ್ಟು, ಕೆಂಪು ಟೊಪ್ಪಿಗೆ ಇಟ್ಟು ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ‘ಹೊಲಕ್ಕ ಹೋಗವ್ರಿಗಿ ಈ ದರ್ಬಾರ ವೇಷ ಯಾಕ್ರಿ?’ ಎಂದು ಗೌರಮ್ಮ ಕೇಳಿದಳು. ಅತ್ತೆಯ ಮನೆಗೆ ಹೋಗುವಾಗ ಗಂಡಸಿಗೆ ಧೈರ್ಯಕ್ಕೆ ಏನಾದರೂ ಬೇಕಾಗುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ?

ಕಮಲಾಪುರದಲ್ಲಿ ಇಳಿದಾಗ ಶರಣಪ್ಪ ರಸ್ತೆಯಲ್ಲೇ ಕಾಯುತ್ತಿದ್ದ. ಮೋಟಾರಿನಿಂದ ಜನ ಇಳಿಯುತ್ತಲೇ ಇದ್ದರು, ಅವನ ಮುಖ ಇಳಿಯುತ್ತಲೇ ಇತ್ತು.

‘ಮಾಮಾ, ಇವ್ರೆಲ್ಲಾ ನಿಮ್ಮ ಸಂಗಟೇ ಬಂದಾರೇನ್ರಿ?’

‘ಹೌದಪ್ಪ.’

‘ಭಾಳ ಚಲೋ ಆಯ್ತು ಬಿಡ್ರಿ’ ಎಂದ, ಹಲ್ಲು ಕೀಳಿಸಿಕೊಂಡವನ ದನಿಯಲ್ಲಿ.

ನನ್ನ ಅತ್ತೆ ನನ್ನೊಡನೆ ನೇರವಾಗಿ ಮಾತಾಡುವವರಲ್ಲ. ಅಳಿಯನ ಗೌರವ ಅದು. ಆದ್ದರಿಂದ ನನಗೆ ಹೇಳಬೇಕಾದ್ದನ್ನೆಲ್ಲ ನನ್ನ ಎದುರಿಗೇ ನಿಂತು ಮಗಳಿಗೆ ಹೇಳುತ್ತಿದ್ದರು. ‘ಗೌರಾ, ನಿನ್ನ ಗಂಡಗ ಕೇಳು, ಕಲಬುರಗ್ಯಾಗ ಯಾರರ ಉಳದಾರೋ, ಇಲ್ಲಾ ಊರೇ ಖಾಲಿ ಮಾಡ್ಕೊಂಡು ಬಂದಾರೋ.’

ತೊಂದರೆ ಊಟದ್ದಲ್ಲ. ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸುವ ಭಜ್ಜಿ ದೊಡ್ಡ ಹಂಡೆಯ ತುಂಬ ಇತ್ತು. ಸಜ್ಜೆಯ ರೊಟ್ಟಿ, ಜೋಳದ ಕಡುಬು, ಅಂಬಲಿ ಎಲ್ಲ ಊರಿಗಾಗುವಷ್ಟು ಇದ್ದವು. ತೊಂದರೆ ಜಾಗದ್ದು. ಶರಣಪ್ಪನ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಉಳಿದ ಸಾಲುಗಳಲ್ಲಿ ಕುಸುಬೆ. ಅದರ ಮುಳ್ಳಿನ ಮೇಲೆ ಯಾವ ಅತಿಥಿಯನ್ನೂ ಕೂರಿಸಲು ಬರುವುದಿಲ್ಲ. ‘ಕೆರಿ ದಂಡಿಗಿ ಗಾಯರಾಣ ಅದಲ್ಲ, ಅಲ್ಲಿ ಕುಂದ್ರಸಿದ್ರಾಯ್ತು’ ಎಂದು ನಾನು ಸಲಹೆ ಕೊಟ್ಟೆ. ಊರ ದನಗಳು ಮೇಯಲೆಂದು ಸರ್ಕಾರ ಬಿಟ್ಟ ಆ ಬಯಲನ್ನು ನನ್ನ ಮದುವೆಯಲ್ಲಿ ಕಂಡ ನೆನಪಿತ್ತು. ದಿಬ್ಬಣದ ಗಾಡಿಗಳನ್ನೆಲ್ಲ ಅಲ್ಲೇ ಬಿಟ್ಟಿದ್ದರು.

ಶರಣಪ್ಪ ಕೆರೆಯ ಕಡೆ ಕೈ ತೋರಿಸಿ ಹೇಳಿದ: ‘ಅದಕ್ಕ ಬೇಲಿ ಬಿದ್ದದ ಮಾಮಾ. ನಿಮ್ಮ ಪಟ್ಟಣದ ಗುತ್ತೇದಾರ ಒಬ್ಬಾಂವ ಗುಡ್ಡದ ಮ್ಯಾಲಿನ ಹುಲ್ಲು ಹರಾಜಿನಾಗ ಹಿಡದಾನ. ಹಿಡದಿದ್ದು ಗುಡ್ಡದ ಹುಲ್ಲು, ಬೇಲಿ ಹಾಕಿದ್ದು ಕೆರಿ ಸುದ್ದಾ ಸೇರಿಸಿ. ನಮ್ಮ ಆಕಳ ನೀರು ಕುಡೀಲಾಕ ಹೋದ್ರ ಕೊಂಡವಾಡಕ್ಕ ಹೊಡ್ಕೊಂಡು ಹೋಗ್ತಾರ.’ ಅತ್ತೆಯವರ ಕಪ್ಪು ಆಕಳು ಆ ದನದ ಜೈಲನ್ನು ಆಗಲೇ ನೋಡಿ ಬಂದಿತ್ತಂತೆ. ‘ಪಟ್ಟಣದವ್ರು ಅಂದ್ರ ಈಗ ಊರಾಗ ಮಂದಿ ಮಾರಿ ತಿರುವ್ತಾರ್ರಿ’ ಎಂದು ಅವನು ಸೇರಿಸಿದ. ನಾವು ಇಳಿದಾಗಿನಿಂದ ಕಟ್ಟೆಯ ಮೇಲಿನ ಜನ ನಮ್ಮನ್ನು ಕಂದಾಯ ವಸೂಲಿಗೆ ಬಂದವರನ್ನು ನೋಡುವಂತೆ ಯಾಕೆ ನೋಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

‘ನಡೀರಿ, ನಾ ಮಾತಾಡ್ತೀನಿ’ ಎಂದೆ. ಶೇರವಾನಿ ತೊಟ್ಟಾಗ ಇಂಥ ಮಾತು ಬಾಯಿಗೆ ತಾನಾಗಿ ಬರುತ್ತದೆ. ನಾನು ಮುಂದೆ, ಓಣಿಯವರು ಹಿಂದೆ, ಅವರ ಹಿಂದೆ ತಲೆಯ ಮೇಲೆ ಹಂಡೆ ಬುಟ್ಟಿ ಹೊತ್ತ ಅತ್ತೆಯವರ ಮನೆಯವರು. ಏನಾಗುತ್ತದೋ ನೋಡೋಣ ಎಂದು ಊರವರೂ ದನಗಳೂ ಇನ್ನೂ ಹಿಂದೆ. ಜಾಲಿ ಮುಳ್ಳಿನ ಬೇಲಿಯ ನಡುವೆ ಒಂದು ತಡಿಕೆಬಾಗಿಲು, ಅಲ್ಲಿ ದೊಣ್ಣೆ ಹಿಡಿದ ಕಾವಲುಗಾರ. ನಾನು ಗಂಟಲು ಸರಿಮಾಡಿಕೊಂಡು, ಕಚೇರಿಯಲ್ಲಿ ನಕಲು ಮಾಡಿ ಮಾಡಿ ಬಾಯಿಪಾಠವಾಗಿದ್ದ ಉರ್ದುವಿನಲ್ಲಿ ಸರ್ಕಾರಿ ಜಮೀನು, ಜನಸಾಮಾನ್ಯರ ಹಕ್ಕು, ಇತ್ಯಾದಿ ಒಂದು ಉದ್ದ ವಾಕ್ಯ ಹೇಳಿದೆ. ಆ ವಾಕ್ಯದ ಕೊನೆ ಎಲ್ಲಿದೆಯೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಕಾವಲುಗಾರನಿಗೆ ಉರ್ದು ಬರುತ್ತಿರಲಿಲ್ಲ. ಅವನು ಬಗ್ಗಿ ಸಲಾಮು ಮಾಡಿದ. ‘ಗುತ್ತೇದಾರ ಸಾಹುಕಾರ್ರ ಮುನಶಿ ಅಲ್ಲೇನ್ರಿ ನೀವು? ಬರ್ರಿ, ಒಳಗ ಬರ್ರಿ’ ಎಂದು ಬಾಗಿಲು ತೆಗೆದ. ನಾನು ಅಲ್ಲವೆಂದು ಹೇಳುವ ಮೊದಲೇ ಹಿಂದಿನವರು ತಳ್ಳಿದರು. ಕಲಬುರಗಿಯ ಜನವೆಲ್ಲ ಒಳಗೆ ಬಂದಿತು. ಶರಣಪ್ಪ ಕಾಲಿಡುವಷ್ಟರಲ್ಲಿ ದೊಣ್ಣೆ ಅಡ್ಡ ಬಂತು. ‘ಪಟ್ಟಣದವ್ರು ಹೋಗ್ಲಿ, ಊರವ್ರು ಹಿಂದಕ್ಕ ಸರೀರಿ. ಊರವ್ರಿಗಿ ಬಿಡಬ್ಯಾಡ ಅಂತ ಹುಕುಂ ಅದ.’ ಬಾಗಿಲು ಮುಚ್ಚಿತು.

ಒಳಗೆ ಹಸಿರು ಹುಲ್ಲು, ಕೆರೆಯ ನೀರಿನ ಮೇಲೆ ಬಿಸಿಲು, ಬೇವಿನ ನೆರಳು. ಕೂರಲು ಬೇಕಾದಷ್ಟು ಜಾಗ. ನಾಮದೇವ ಜಮಖಾನ ಹಾಸಿಯೂ ಆಗಿತ್ತು. ಆಗ ಮೆಹಬೂಬ ಸಾಹೇಬರು ಸುತ್ತ ನೋಡಿ ಮೆಲ್ಲಗೆ ಹೇಳಿದರು: ‘ಭಾಯಿ, ಉಣ್ಣವ್ರು ಒಳಗ ಬಂದೀವಿ, ಊಟ ಹೊರಗ ಉಳೀತಲ್ಲ.’

ಎಲ್ಲರೂ ತಿರುಗಿ ನೋಡಿದರು. ಬೇಲಿಯ ಆಚೆ ಅತ್ತೆ ಭಜ್ಜಿಯ ಹಂಡೆ ಹೊತ್ತು ನಿಂತಿದ್ದರು. ಬಿಸಿಲು ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ಹಿಂದೆ ಕಪ್ಪು ಆಕಳು ನೀರಿನ ಕಡೆ ಮೂತಿ ಚಾಚಿ ಒದರುತ್ತಿತ್ತು. ಅತ್ತೆ ಏನೂ ಹೇಳಲಿಲ್ಲ, ಮಗಳ ಮೂಲಕವೂ ಹೇಳಲಿಲ್ಲ. ನನಗೆ ಶೇರವಾನಿಯೊಳಗೆ ಬೆವರತೊಡಗಿತು. ಇನ್ನೊಂದು ಉರ್ದು ವಾಕ್ಯ ಹುಡುಕುತ್ತಿದ್ದೆ.

ಗೌರಮ್ಮ ವಾಕ್ಯ ಹುಡುಕಲಿಲ್ಲ. ಸೀರೆ ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಬೇಲಿಯ ಹತ್ತಿರ ಹೋಗಿ, ಒಂದು ಜಾಲಿ ಕೊಂಬೆ ಹಿಡಿದು ಎಳೆದಳು. ಇಳಕಲ್ಲ ಸೀರೆಯ ಸೆರಗು ಮುಳ್ಳಿಗೆ ಸಿಕ್ಕು ಪರ್ರೆಂದಿತು. ‘ಅಯ್ಯೋ ಅಕ್ಕಾ, ಹೊಸಾ ಸೀರಿ’ ಎನ್ನುತ್ತಾ ನಾಮದೇವ ಓಡಿ ಹೋಗಿ ಸೆರಗು ಬಿಡಿಸಿದ. ಬಿಡಿಸಿದ ಕೈಯಲ್ಲೇ ಮುಂದಿನ ಕೊಂಬೆಯನ್ನೂ ಎಳೆದ. ಮೆಹಬೂಬ ಸಾಹೇಬರು ಕೈಗೋಲಿನಿಂದ ಮೂರನೆಯದನ್ನು ನೂಕಿದರು. ಆಚೆಯಿಂದ ಶರಣಪ್ಪ, ಅವನ ಹಿಂದಿನಿಂದ ಊರವರು. ಒಳಗಿನವರು ಎಳೆದರು, ಹೊರಗಿನವರು ತಳ್ಳಿದರು. ಕಾವಲುಗಾರ ನನ್ನ ಕಡೆ ನೋಡಿ, ‘ಮುನಶೀಜಿ, ಏನ್ ಹುಕುಂರಿ?’ ಎಂದು ಕೇಳಿದ. ಆವತ್ತು ನಾನು ಆಡಿದ ಒಂದೇ ಉಪಯುಕ್ತ ಮಾತು ಇದು: ‘ನೀನೂ ಒಂದು ಕೈ ಹಚ್ಚಪ್ಪ.’ ಅವನು ಪಾಪ, ಹುಕುಂ ಪಾಲಿಸಿದ.

ಮೊದಲು ಒಳಗೆ ಬಂದದ್ದು ಕಪ್ಪು ಆಕಳು. ಅದು ಯಾರನ್ನೂ ನೋಡದೆ ನೀರಿಗೆ ಹೋಯಿತು. ಆಮೇಲೆ ಭಜ್ಜಿ ಬಂತು. ಕಿತ್ತ ಜಾಲಿಯನ್ನೇ ಒಟ್ಟಿ ಉರಿ ಹಾಕಿ ಹಂಡೆ ಬಿಸಿ ಮಾಡಿದರು. ಜುಮ್ಮಾ ನಮಾಜಿಗೆ ಊರ ಮಸೀದಿಗೆ ಹೋದ ಮೆಹಬೂಬ ಸಾಹೇಬರು ಅಲ್ಲಿಂದ ಇನ್ನಷ್ಟು ಮಂದಿಯನ್ನು ಕರೆತಂದರು. ಕರೆಯುವ ರೋಗ ನನ್ನಿಂದ ಅವರಿಗೂ ಅಂಟಿತ್ತು. ಕಟ್ಟೆಯ ಮೇಲೆ ಮುಖ ತಿರುಗಿಸಿದ್ದವರು ನಾಮದೇವನಿಗೆ ರೊಟ್ಟಿ ಬಡಿಸಿ, ಅಂಗಿಯ ಅಳತೆ ಕೊಟ್ಟರು. ಕೆಳಗಿನ ಕೇರಿಯವರು ಯಾರ ಹೊಲದಲ್ಲೂ ಕೂರುವ ಹಾಗಿರಲಿಲ್ಲ. ಅಂದು ಅವರೂ ಕೆರೆಯ ಆಚೆ ದಂಡೆಗೆ ಬುತ್ತಿ ತಂದು ಕುಳಿತರು. ಬೇಗಮ್ಮನವರ ಹಲ್ವ ಆ ದಂಡೆಗೂ ಹೋಯಿತು, ಆ ದಂಡೆಯ ಕಡಲೆಗಿಡ ಈ ದಂಡೆಗೆ ಬಂತು. ನಡುವಿನ ದೂರವೇ ಅಳಿಸಿಹೋಯಿತೆಂದರೆ ಸುಳ್ಳಾಗುತ್ತದೆ. ಒಂದು ಡಬ್ಬಿ ಹೋಗಿ ಬರುವಷ್ಟು ಕಡಿಮೆಯಾಯಿತು.

ಮಾರನೆಯ ದಿನದಿಂದ ನನಗೆ ನಿದ್ರೆ ಇಲ್ಲ. ಗುತ್ತೇದಾರ ಫಿರ್ಯಾದು ಕೊಟ್ಟ. ತಹಸೀಲ್ದಾರರು ವಿಚಾರಣೆಗೆ ಕಮಲಾಪುರಕ್ಕೇ ಹೋಗುತ್ತಾರೆಂದು ಸುದ್ದಿ ಬಂತು. ಶೇರವಾನಿ ತೊಟ್ಟ ನೌಕರನೊಬ್ಬ ಬೇಲಿ ಕೀಳಿಸಿದನೆಂದು ತಿಳಿದರೆ ನನ್ನ ನೌಕರಿಗೆ ಚರಗ ಚೆಲ್ಲಿದಂತೆಯೇ. ಶೇರವಾನಿಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ನಡೆದದ್ದನ್ನು ಆಮೇಲೆ ಶರಣಪ್ಪ ಬಂದು ಹೇಳಿದ. ‘ಬೇಲಿ ಕಿತ್ತವರು ಯಾರು?’ ಎಂದು ತಹಸೀಲ್ದಾರರು ಕೇಳಿದಾಗ ಅತ್ತೆ ಮುಂದೆ ಬಂದು, ‘ನಾ ಕಿತ್ತೀನ್ರಿ’ ಎಂದರಂತೆ. ಹಿಂದೆ ನಿಂತಿದ್ದ ಇನ್ನೊಬ್ಬಳು, ‘ಅಕಿ ಒಬ್ಬಾಕಿ ಅಲ್ರಿ, ನಾನೂ’ ಎಂದಳು. ಹಾಗೇ ಎಲ್ಲರೂ. ಕೊನೆಗೆ ಕಾವಲುಗಾರನೂ ‘ನಂದೂ ಒಂದು ಕೈ ಅದ್ರಿ’ ಎಂದನಂತೆ. ತಹಸೀಲ್ದಾರರು ನಕ್ಕು, ಹರಾಜಿನ ಗಡಿ ಎಲ್ಲಿದೆ ತೋರಿಸೆಂದು ಗುತ್ತೇದಾರನನ್ನು ನಡೆಸಿದರು. ಗಡಿ ಗುಡ್ಡದ ಮೇಲೆಯೇ ಮುಗಿಯುತ್ತಿತ್ತು. ಕೆರೆಯ ದಂಡೆ ಊರವರಿಗೂ ಪರವೂರವರಿಗೂ ಮುಕ್ತ, ಅಲ್ಲಿ ಯಾರೂ ಬೇಲಿ ಹಾಕಕೂಡದು ಎಂದು ಹುಕುಂ ಆಯಿತು.

ಅಲ್ಲಿಂದ ಮುಂದೆ ಕಲಬುರಗಿಯ ನಮ್ಮ ಓಣಿಗೆ ಕಮಲಾಪುರದ ಬಯಲು ತನ್ನದೇ ಆಯಿತು. ಎಳ್ಳಮಾವಾಸ್ಯೆಗೆ ಮಾತ್ರವಲ್ಲ, ಬೇಸರವಾದ ಜುಮ್ಮಾಕ್ಕೆಲ್ಲ ಜನ ಮೋಟಾರು ಹತ್ತುತ್ತಿದ್ದರು. ಹೋಗುವ ದಾರಿ ಬರುವ ದಾರಿಯೂ ಆಗಿರುತ್ತದೆಂದು ನಾನು ಯೋಚಿಸಿರಲಿಲ್ಲ. ಕಮಲಾಪುರದವರು ಕಲಬುರಗಿಗೆ ಬರತೊಡಗಿದರು. ಕೆಂಪು ಬಾಳೆಗೊನೆ ಮಾರಲು, ದವಾಖಾನೆಗೆ, ಕಚೇರಿಗೆ, ಸುಮ್ಮನೆ ಪಟ್ಟಣ ನೋಡಲು. ಎಲ್ಲರೂ ಇಳಿಯುತ್ತಿದ್ದದ್ದು ನಮ್ಮ ಪಡಸಾಲೆಗೆ.

ಒಂದು ಸಂಜೆ ಕಚೇರಿಯಿಂದ ತಲೆನೋವು ಹೊತ್ತು ಬಂದೆ. ಪಡಸಾಲೆಯ ತುಂಬ ಬಾಳೆಗೊನೆ, ಗಂಟುಮೂಟೆ, ಮಲಗಿದ ಜನ. ನಾನು ದಿನಾ ಒರಗುವ ಕಂಬಕ್ಕೆ ಎಂದೂ ನೋಡಿರದ ಒಬ್ಬ ಮುದುಕ ಒರಗಿ, ತಂಬಾಕು ತಿಕ್ಕುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಹುಡುಕುತ್ತ ನಿಂತ ನನ್ನನ್ನು ಅವನು ಕರುಣೆಯಿಂದ ನೋಡಿದ.

‘ಯಾರ ಪೈಕಿರಿ ನೀವು?’

‘ಗೌರಮ್ಮನ ಗಂಡ’ ಎಂದೆ.

ಅವನು ಸ್ವಲ್ಪ ಯೋಚಿಸಿ, ತನ್ನ ಗಂಟು ಆಚೆ ಸರಿಸಿ, ಗೋಡೆಯ ಮೂಲೆಯಲ್ಲಿ ಒಂದು ಗೇಣು ಜಾಗ ಮಾಡಿಕೊಟ್ಟ. ‘ಹಂಗಾದ್ರ ಕುಂದುರ್ರಿ. ನೀವೇನು ಪರಕೀಯರಲ್ಲ.’

ನಾನು ಕುಳಿತೆ.